ಬೇಸ್‌ಬಾಲ್ ಅಂಗಣಗಳ ಯಾತ್ರೆ

ಕ್ಷೇತ್ರಯಾತ್ರೆಯೆಂದರೇನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಶೃಂಗೇರಿಯನ್ನು ಕಂಡವನಿಗೆ ಉಡುಪಿಯನ್ನು ಕಾಣಬೇಕೆನಿಸುವುದು. ಉಡುಪಿಯನ್ನು ಕಂಡವನಿಗೆ ಗೋಕರ್ಣವು ಉಳಿಯಿತಲ್ಲಾ ಎನಿಸುವುದು. ಒಂದೆಡೆಯಲ್ಲಿ ತುಂಗೆಯ ತೀರ, ಇನ್ನೊಂದೆಡೆಯಲ್ಲಿ ಕಡಲಿನ ಮೊರೆತ. ಸ್ಥಳವು ಬೇರೆಯಾದಂತೆ ಮನಸ್ಸಿನ ಅನುಭವವೂ ಬೇರೆಯಾಗುವುದರಿಂದಲೇ ಜನರು ಇಷ್ಟೊಂದು ಆಯಾಸಪಟ್ಟು ಊರಿಂದೂರಿಗೆ ಹೋಗುತ್ತಾರೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದನ್ನು ಹೋಲುವ ಮತ್ತೊಂದು ಬಗೆಯ ಯಾತ್ರೆಯುಂಟು. ಅದು ದೇವರ ಹೆಸರಿನಲ್ಲಿ ನಡೆಯತಕ್ಕುದಲ್ಲ; ಬೇಸ್‌ಬಾಲ್ ಎಂಬ ಚೆಂಡಾಟದ ಹೆಸರಿನಲ್ಲಿ ನಡೆಯತಕ್ಕುದು.

ಆ ಆಟದ ಪ್ರಧಾನ ಸಂಘದಲ್ಲಿ ಮೂವತ್ತು ತಂಡಗಳಿವೆ. ಅವುಗಳಲ್ಲಿ ಒಂದು ಕೆನಡಾ ದೇಶದ ಟೊರಾಂಟೋ ಪಟ್ಟಣದ್ದು. ಉಳಿದ ಇಪ್ಪತ್ತೊಂಬತ್ತೂ ಅಮೆರಿಕೆಯವೇ. ಮಾರ್ಚ್ ತಿಂಗಳ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ ೧೬೨ ಪಂದ್ಯಗಳನ್ನು ಆಡಬೇಕು. ಅವುಗಳಲ್ಲಿ ಅರ್ಧ, ಅಂದರೆ ೮೧, ತನ್ನ ಸ್ವಂತ ಅಂಗಣದಲ್ಲಿ ನಡೆಯುವುವು. ಹೀಗಿರುವುದರಿಂದ ಬೇಸಗೆಯ ಯಾವ ದಿನ ಹೊರಟರೂ ಎಲ್ಲಿಯಾದರೊಂದು ಕಡೆ ಆಟವು ಸಿಕ್ಕೇ ಸಿಕ್ಕುವುದು. ಈ ಅನುಕೂಲದಿಂದ, ಮೂವತ್ತು ಅಂಗಣಗಳನ್ನೂ ಕಾಣದೆ ಬಿಡೆನೆಂದು ಸಂಕಲ್ಪ ಮಾಡಿಕೊಂಡ ಸಾವಿರಾರು ಮಂದಿ ಅಲ್ಲಿ ಇರುವರು. ಕೆಲವರು ಒಂದೇ ಬೇಸಗೆಯಲ್ಲಿ ಮುಗಿಸುವರು. ಹೆಚ್ಚಿನವರಿಗೆ ಅದು ಜೀವಮಾನದ ಕೆಲಸ. ಚಿಕ್ಕದೊಂದು ಪುಸ್ತಕವನ್ನಿಟ್ಟುಕೊಂಡು, ಹೋದ ಹೋದ ಕಡೆಯಲ್ಲಿ ಅದಕ್ಕೆ ಮುದ್ರೆ ಹಾಕಿಸಿಕೊಂಡು ಬರುವವರೂ ಉಂಟು.

ಕನ್ನಡಿಗರು ಬಹುಮಂದಿ ನೆಲೆಸಿರುವ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸೀಮೆಯಲ್ಲಿ ನಾನು ಇಪ್ಪತ್ತು ವರ್ಷಗಳಿಂದ ವಾಸವಾಗಿದ್ದೇನೆ. ಕೆಲಸದ ನಿಮಿತ್ತವಾಗಿಯೂ, ಬಂಧುಮಿತ್ರರನ್ನು ಕಾಣುವ ನೆಪದಿಂದಲೂ, ಕೆಲವು ವೇಳೆ ಯಾವ ನೆಪವೂ ಇಲ್ಲದೆಯೂ ಒಂಬತ್ತು ಅಂಗಣಗಳನ್ನು ನೋಡಿದ್ದೇನೆ. ಅಲ್ಲಿ ಕಂಡುದನ್ನೂ ಕೇಳಿ ತಿಳಿದುದನ್ನೂ ಇಲ್ಲಿ ಸಂಗ್ರಹವಾಗಿ ಹೇಳುವೆನು.

ಆಟದ ಸ್ವರೂಪ

ಕ್ರಿಕೆಟ್ಟನ್ನು ಬಲ್ಲವರಿಗೆ ಬೇಸ್‌ಬಾಲಿನ ಮೂಲತತ್ತ್ವವನ್ನು ತಿಳಿಯುವುದು ಕಷ್ಟವಲ್ಲ. ಒಬ್ಬನು ಚೆಂಡನ್ನು ಎಸೆಯುವನು. ಮತ್ತೊಬ್ಬನು ದುಂಡನೆಯ ದೊಣ್ಣೆಯಿಂದ ಅದನ್ನು ಹೊಡೆಯುವನು. ಚೆಂಡು ನೆಲಕ್ಕೆ ತಗಲಿ ಪುಟಿದು ಬರುವುದಿಲ್ಲ. ನೇರವಾಗಿ ಗಾಳಿಯಲ್ಲಿಯೇ ಬರುವುದು. ಒಂದೊಂದು ಪಕ್ಷದಲ್ಲಿ ಒಂಬತ್ತು ಮಂದಿ. ಮೂವರು ಔಟಾದೊಡನೆಯೇ ಸರದಿಯು ಎದುರು ಪಕ್ಷಕ್ಕೆ ಹೋಗುವುದು. ಇಂತಹ ಒಂಬತ್ತು ಸುತ್ತುಗಳಾದರೆ ಆಟವು ಮುಗಿಯಿತು. ಸಮಸಮವಾದರೆ ಒಬ್ಬರು ಗೆಲ್ಲುವವರೆಗೂ ಮುಂದುವರಿಸುವರು.

ನೆಲದ ಮೇಲೆ ಒಂದು ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ಬರೆದಿರುವುದು. ಅದರ ಒಂದೊಂದು ಪಕ್ಕವೂ ೯೦ ಅಡಿ. ಹೊಡೆಯುವವನು ಒಂದು ಮೂಲೆಯಲ್ಲಿ ನಿಂತು, ಹೊಡೆದ ಬಳಿಕ ಉಳಿದ ಮೂರು ಮೂಲೆಗಳನ್ನೂ ಮುಟ್ಟಿ ಹೊರಟಲ್ಲಿಗೇ ಮರಳಿ ಬಂದರೆ ಒಂದು ಓಟ. ಎಸೆಯುವವನಿಗೂ ಹೊಡೆಯುವವನಿಗೂ ನಡುವೆ ೬೦ ಅಡಿ ೬ ಅಂಗುಲದ ಅಂತರ. ಕ್ರಿಕೆಟ್ಟಿನಲ್ಲಿ ಚೆಂಡನ್ನು ಸುತ್ತ ಯಾವ ದಿಕ್ಕಿಗೆ ಹೊಡೆದರೂ ಸಲ್ಲುವುದು. ಇಲ್ಲಿ ಮೂಲೆಯಿಂದ ಹೊರಟ ಎರಡು ಗೆರೆಗಳ ನಡುವೆಯೇ ಬೀಳಬೇಕು. ಆ ಗೆರೆಗಳ ನಡುವೆ ಹಾರಿ, ದೂರದ ಗೋಡೆಯನ್ನು ದಾಟಿಹೋದರೆ ಅದು ಹೋಂ ರನ್. ಹೊಡೆದವನು ಯಾರ ಅಡ್ಡಿಯೂ ಇಲ್ಲದೆ ಮೂಲೆಗಳನ್ನು ಸುತ್ತಿ ಬರುವನು.

ಇಲ್ಲಿಯೇ ಈ ಆಟದ ಒಂದು ವಿಶೇಷವಿದೆ. ಒಳಗಿನ ಅಳತೆಗಳೆಲ್ಲವೂ ಎಲ್ಲಾ ಅಂಗಣಗಳಲ್ಲಿಯೂ ಒಂದೇ. ಆದರೆ ಹೊರಗಿನ ಗೋಡೆಯು ಎಷ್ಟು ದೂರದಲ್ಲಿರಬೇಕು, ಎಷ್ಟು ಎತ್ತರವಿರಬೇಕು, ಯಾವ ಆಕಾರದಲ್ಲಿರಬೇಕು ಎಂಬುದು ಊರೂರಿಗೆ ಬೇರೆ. ಕಾರಣವೇನೆಂದರೆ, ೧೯೦೯ರಿಂದ ಮೊದಲ್ಗೊಂಡು ಉಕ್ಕು ಕಾಂಕ್ರೀಟುಗಳಿಂದ ಅಂಗಣಗಳನ್ನು ಕಟ್ಟತೊಡಗಿದಾಗ, ಅವುಗಳನ್ನು ಊರ ನಡುವೆ, ಆಗಲೇ ಇದ್ದ ಬೀದಿಗಳ ಮಧ್ಯದಲ್ಲಿ, ಸಿಕ್ಕಿದಷ್ಟು ಜಾಗದಲ್ಲಿಯೇ ಅಡಗಿಸಬೇಕಾಯಿತು. ಬೀದಿಯು ತಿರುಗಿದಲ್ಲಿ ಗೋಡೆಯೂ ತಿರುಗಿತು. ಆದುದರಿಂದ ಒಂದೂರಿನಲ್ಲಿ ಸುಲಭವಾದ ಹೊಡೆತವು ಮತ್ತೊಂದೂರಿನಲ್ಲಿ ಅಸಾಧ್ಯವಾಗುವುದು. ಯಾತ್ರಿಕರಿಗೆ ಇದೇ ಮೊದಲನೆಯ ಆಕರ್ಷಣೆ.

ಬಾಸ್ಟನ್ ಮತ್ತು ಚಿಕಾಗೋ

ಪ್ರಧಾನ ಸಂಘದ ಅಂಗಣಗಳಲ್ಲಿ ಅತ್ಯಂತ ಹಳೆಯದು ಬಾಸ್ಟನ್ನಿನ ಫೆನ್‌ವೇ ಪಾರ್ಕು. ೧೯೧೨ರ ಏಪ್ರಿಲ್ ೨೦ರಂದು ಅದು ತೆರೆಯಿತು. ಟೈಟಾನಿಕ್ ಹಡಗು ಮುಳುಗಿ ಆಗ ಐದೇ ದಿನಗಳಾಗಿದ್ದುವು. ಎಡಗಡೆಯಲ್ಲಿ ಬೀದಿಯೊಂದು ಅಡ್ಡಬಂದುದರಿಂದ ಅಲ್ಲಿಯ ಗೋಡೆಯು ೩೧೦ ಅಡಿಗಳಷ್ಟೇ ದೂರದಲ್ಲಿದೆ. ಆ ಗೋಡೆಯನ್ನು ೩೭ ಅಡಿಗಳ ಎತ್ತರಕ್ಕೆ ಏರಿಸಿರುವರು. ಹಸಿರು ಬಣ್ಣ ಬಳಿದ ಆ ಗೋಡೆಯ ಬುಡದಲ್ಲಿ ಲೆಕ್ಕದ ಹಲಗೆಯಿದೆ. ಈ ಯಂತ್ರಯುಗದಲ್ಲಿಯೂ ಒಳಗೆ ಕುಳಿತವರು ಅಂಕಿಗಳ ತಗಡುಗಳನ್ನು ಕೈಯಿಂದಲೇ ತೂಗುಹಾಕುತ್ತಾರೆ. ನಾನು ಹೋದ ದಿನ ಆಟಕ್ಕಿಂತ ಹೆಚ್ಚಾಗಿ ಆ ತಗಡುಗಳು ಬದಲಾಗುವುದನ್ನೇ ನೋಡುತ್ತ ಕುಳಿತಿದ್ದೆನು.

ಬಲಗಡೆಯ ಹಸಿರು ಕುರ್ಚಿಗಳ ಸಾಲುಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿಯಿದೆ. ೧೯೪೬ರ ಜೂನ್ ೯ರಂದು ಟೆಡ್ ವಿಲಿಯಮ್ಸ್ ಹೊಡೆದ ಚೆಂಡು ೫೦೨ ಅಡಿ ದೂರ ಹಾರಿ ಅಲ್ಲಿ ಕುಳಿತಿದ್ದವರೊಬ್ಬರ ಹುಲ್ಲಿನ ಟೋಪಿಯ ಮೇಲೆ ಬಿದ್ದಿತಂತೆ. ಆ ಕುರ್ಚಿಯಲ್ಲಿ ಕುಳಿತು ಆಟದ ಮೂಲೆಯ ಕಡೆಗೆ ನೋಡಿದರೆ, ಅಲ್ಲಿ ನಿಂತ ಮನುಷ್ಯನು ಬೆರಳುದ್ದದ ಬೊಂಬೆಯಂತೆ ಕಾಣುವನು. ಇಷ್ಟು ದೂರಕ್ಕೆ ಹೊಡೆದವನ ತೋಳಿನ ಬಲವು ಅಂಕಿಯಿಂದ ತಿಳಿಯುವುದಿಲ್ಲ. ಅಲ್ಲಿ ಕುಳಿತರೆ ತಿಳಿಯುವುದು.

ಚಿಕಾಗೋ ಪಟ್ಟಣದ ರಿಗ್ಲಿ ಫೀಲ್ಡ್ ೧೯೧೪ರದು. ಅದರ ಹೊರಗೋಡೆಯು ಇಟ್ಟಿಗೆಯದು. ೧೯೩೭ರಲ್ಲಿ ಅದರ ಮೇಲೆ ಐವಿ ಬಳ್ಳಿಯನ್ನು ಹಬ್ಬಿಸಿದರು. ಚೆಂಡು ಬಳ್ಳಿಯೊಳಗೆ ಸಿಕ್ಕಿ ಕಾಣದೆ ಹೋದರೆ ಅದಕ್ಕೆಂದೇ ಅಲ್ಲಿ ಪ್ರತ್ಯೇಕ ನಿಯಮವಿದೆ: ಹೊಡೆದವನಿಗೆ ಎರಡು ಮೂಲೆಗಳು ಸಲ್ಲುವುವು. ೧೯೮೮ರವರೆಗೆ ಅಲ್ಲಿ ದೀಪಗಳೇ ಇರಲಿಲ್ಲ. ಆಟವೆಲ್ಲವೂ ಹಗಲಿನಲ್ಲಿಯೇ ನಡೆಯಬೇಕಾಗಿದ್ದಿತು. ಸುತ್ತಲೂ ಜನರ ವಾಸದ ಮನೆಗಳು. ಎದುರುಬೀದಿಯ ಮಾಳಿಗೆಗಳ ಮೇಲೆ ಕುಳಿತು ಆಟ ನೋಡುವವರನ್ನು ಕಂಡಾಗ, ನಮ್ಮೂರಿನ ತೇರಿನ ದಿನ ರಥಬೀದಿಯ ಜಗಲಿ ಮಾಳಿಗೆಗಳೆಲ್ಲ ತುಂಬುವುದು ನೆನಪಾಗದೆ ಇರದು.

ಈ ಊರಿನ ಕಬ್ಸ್ ತಂಡವು ೧೯೦೮ರಲ್ಲಿ ಅಗ್ರಪಟ್ಟವನ್ನು ಗೆದ್ದ ಮೇಲೆ ಮತ್ತೆ ಗೆಲ್ಲಲು ೧೦೮ ವರ್ಷಗಳು ಹಿಡಿದುವು. ತಾತನು ಕಾದು ತೀರಿಹೋದನು. ತಂದೆಯು ಕಾದು ತೀರಿಹೋದನು. ೨೦೧೬ರಲ್ಲಿ ಮೊಮ್ಮಗನು ಕಂಡನು. ಆ ಸಮಯದಲ್ಲಿ ಜನರು ಅಂಗಣದ ಹೊರಗೋಡೆಯ ಇಟ್ಟಿಗೆಗಳ ಮೇಲೆ ಸೀಮೆಸುಣ್ಣದಿಂದ ಹೆಸರುಗಳನ್ನು ಬರೆಯತೊಡಗಿದರು. ಆಟಗಾರರ ಹೆಸರುಗಳಿದ್ದುವು, ಅವುಗಳ ನಡುವೆ, ಈ ದಿನವನ್ನು ಕಾಣದೆ ಹೋದ ತಮ್ಮ ತಮ್ಮ ಹಿರಿಯರ ಹೆಸರುಗಳೂ ಇದ್ದುವು. ಕೈಗೆ ಎಟಕುವಷ್ಟು ಎತ್ತರಕ್ಕೆ ಗೋಡೆಯೆಲ್ಲವೂ ತುಂಬಿಹೋಯಿತು. ಮಹಾಲಯದ ದಿನಗಳಲ್ಲಿ ಗತಿಸಿದವರ ಹೆಸರು ಹೇಳಿ ಎಳ್ಳುನೀರು ಬಿಡುವ ನಾವು ಇದರ ಅರ್ಥವನ್ನು ಇತರರಿಂದ ಕೇಳಿ ತಿಳಿಯಬೇಕಾದುದಿಲ್ಲ.

ಪಿಟ್ಸ್‌ಬರ್ಗಿನ ಗೋಡೆ

ಉಕ್ಕಿನ ಊರೆಂದು ಪ್ರಸಿದ್ಧವಾದ ಪಿಟ್ಸ್‌ಬರ್ಗಿನಲ್ಲಿ ನೋಡತಕ್ಕವು ಎರಡು. ಮೊದಲನೆಯದು ೨೦೦೧ರಲ್ಲಿ ನದಿಯ ದಂಡೆಯ ಮೇಲೆ ತೆರೆದ ಪಿ.ಎನ್.ಸಿ. ಪಾರ್ಕು. ಆಸನದಲ್ಲಿ ಕುಳಿತರೆ ಹೊಳೆಯೂ, ಹಳದಿ ಬಣ್ಣದ ಸೇತುವೆಯೂ, ಅದರಾಚೆಗೆ ಪಟ್ಟಣದ ಎತ್ತರವಾದ ಕಟ್ಟಡಗಳೂ ಚಿತ್ರಪಟದಂತೆ ಕಾಣುವುವು. ಸೇತುವೆಗೆ ರೊಬೆರ್ಟೋ ಕ್ಲೆಮೆಂಟೆ ಎಂಬ ಆಟಗಾರನ ಹೆಸರನ್ನಿಟ್ಟಿರುವರು. ಪೋರ್ಟೋ ರಿಕೋ ದ್ವೀಪದವನಾದ ಈತನು ೧೯೭೨ರ ಡಿಸೆಂಬರ್ ೩೧ರಂದು, ಭೂಕಂಪದಿಂದ ನೊಂದ ನಿಕಾರಾಗುವಾ ದೇಶದ ಜನರಿಗೆ ಆಹಾರ ಔಷಧಿಗಳನ್ನು ಒಯ್ಯುತ್ತಿದ್ದಾಗ ವಿಮಾನವು ಕಡಲಿಗೆ ಬಿದ್ದು ಮಡಿದನು. ಅವನ ಅಂಗಿಯ ಸಂಖ್ಯೆಯು ೨೧. ಆ ಅಂಗಣದ ಬಲಗಡೆಯ ಗೋಡೆಯ ಎತ್ತರವು ೨೧ ಅಡಿ.

ಎರಡನೆಯದು ಅಂಗಣವಲ್ಲ, ಅಂಗಣದ ಅವಶೇಷ. ೧೯೦೯ರಲ್ಲಿ ಕಟ್ಟಿದ ಫೋರ್ಬ್ಸ್ ಫೀಲ್ಡನ್ನು ೧೯೭೦ರಲ್ಲಿ ಮುಚ್ಚಿ, ಬಳಿಕ ಕೆಡವಿದರು. ಆ ನೆಲದಲ್ಲಿ ಈಗ ವಿಶ್ವವಿದ್ಯಾನಿಲಯದ ಕಟ್ಟಡಗಳಿವೆ. ಆದರೆ ಹೊರಗೋಡೆಯ ಒಂದು ಭಾಗವನ್ನು ಹಾಗೆಯೇ ಉಳಿಸಿದ್ದಾರೆ. ೧೯೬೦ರ ಅಕ್ಟೋಬರ್ ೧೩ರಂದು ಬಿಲ್ ಮ್ಯಾಜೆರಾಸ್ಕಿಯು ಆ ಅಂಗಣದಲ್ಲಿ ಹೊಡೆದ ಕೊನೆಯ ಹೊಡೆತದಿಂದ ಪಿಟ್ಸ್‌ಬರ್ಗ್ ತಂಡವು ನ್ಯೂಯಾರ್ಕಿನ ಯಾಂಕೀಸ್ ತಂಡವನ್ನು ೧೦ಕ್ಕೆ ೯ರಂತೆ ಸೋಲಿಸಿ ಅಗ್ರಪಟ್ಟವನ್ನು ಪಡೆಯಿತು. ಆಟದ ಆ ದಿನ ಬಂದಾಗ ಅಭಿಮಾನಿಗಳು ಆ ತುಂಡುಗೋಡೆಯ ಬಳಿ ನೆರೆದು, ಅಂದಿನ ರೇಡಿಯೋ ವರ್ಣನೆಯ ಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುವರು. ಗೆದ್ದವರು ಯಾರೆಂಬುದು ಎಲ್ಲರಿಗೂ ಗೊತ್ತು. ಆದರೂ ಕೊನೆಯ ಹೊಡೆತಕ್ಕೆ ಎಲ್ಲರೂ ಎದ್ದುನಿಂತು ಕೇಕೆ ಹಾಕುವರಂತೆ. ರಾಮನು ಗೆಲ್ಲುವನೆಂಬುದು ಗೊತ್ತಿದ್ದೂ ರಾತ್ರಿಯೆಲ್ಲ ಬಯಲಾಟದ ಮುಂದೆ ಕುಳಿತಿರುವ ನಮ್ಮ ಹಳ್ಳಿಗರಿಗೂ ಇವರಿಗೂ ಏನು ಭೇದ?

ಬಾಲ್ಟಿಮೋರ್, ಡೆನ್ವರ್, ಸಾನ್ ಫ್ರಾನ್ಸಿಸ್ಕೋ

೧೯೬೦-೭೦ರ ಸುಮಾರಿನಲ್ಲಿ ಅಮೆರಿಕೆಯ ಪಟ್ಟಣಗಳು ಹಳೆಯ ಅಂಗಣಗಳನ್ನು ಕೆಡವಿ, ಬೇಸ್‌ಬಾಲಿಗೂ ಅವರ ಫುಟ್‌ಬಾಲಿಗೂ ಒಂದೇ ಕಟ್ಟಡವಾಗಲೆಂದು ದುಂಡನೆಯ ಕಾಂಕ್ರೀಟು ಕೋಟೆಗಳನ್ನು ಎಬ್ಬಿಸಿದುವು. ಸುತ್ತಲೂ ಕಾರು ನಿಲ್ಲಿಸುವ ಬಯಲು. ಒಳಗೆ ಪ್ರೇಕ್ಷಕನಿಗೂ ಆಟಗಾರನಿಗೂ ನಡುವೆ ಬಹಳ ದೂರ. ಯಾವ ಊರಿನಲ್ಲಿದ್ದೇವೆಂಬುದೇ ತಿಳಿಯದಷ್ಟು ಒಂದು ಇನ್ನೊಂದರಂತೆ ಇದ್ದುವು. ಇದಕ್ಕೆ ಪ್ರತಿಯಾಗಿ ೧೯೯೨ರಲ್ಲಿ ಬಾಲ್ಟಿಮೋರ್ ಪಟ್ಟಣವು ಊರ ನಡುವೆ, ಹಳೆಯ ರೈಲ್ವೆ ಉಗ್ರಾಣದ ಮಗ್ಗುಲಲ್ಲಿ, ಇಟ್ಟಿಗೆ ಉಕ್ಕುಗಳಿಂದ ಕ್ಯಾಮ್ಡನ್ ಯಾರ್ಡ್ಸ್ ಎಂಬ ಅಂಗಣವನ್ನು ಕಟ್ಟಿತು. ಸಾವಿರ ಅಡಿಗಳಿಗೂ ಮೀರಿ ಉದ್ದವಾದ ಆ ಉಗ್ರಾಣವನ್ನು ಕೆಡವದೆ ಬಲಗಡೆಗೆ ಹಿನ್ನೆಲೆಯಾಗಿ ಉಳಿಸಿಕೊಂಡರು. ಹೋಂ ರನ್ನುಗಳ ಚಕ್ರವರ್ತಿಯೆನಿಸಿದ ಬೇಬ್ ರೂತನು ಹುಟ್ಟಿದ ಮನೆಯು ಅಲ್ಲಿಂದ ಕೆಲವೇ ಹೆಜ್ಜೆಗಳ ದೂರದಲ್ಲಿದೆ. ಇದನ್ನು ಕಂಡ ಮೇಲೆ ಇತರ ಊರುಗಳವರೂ ದುಂಡುಕೋಟೆಗಳನ್ನು ಬಿಟ್ಟು ಇದೇ ಮಾದರಿಯನ್ನು ಹಿಡಿದರು.

ಡೆನ್ವರ್ ಪಟ್ಟಣವು ಸಮುದ್ರಮಟ್ಟದಿಂದ ೫,೨೮೦ ಅಡಿ, ಅಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿದೆ. ೧೯೯೫ರಲ್ಲಿ ತೆರೆದ ಅಲ್ಲಿಯ ಕೂರ್ಸ್ ಫೀಲ್ಡಿನ ಮೇಲಂತಸ್ತಿನಲ್ಲಿ, ಆ ಮೈಲಿಯ ಮಟ್ಟವನ್ನು ತೋರಿಸುವುದಕ್ಕಾಗಿ ಒಂದು ಸಾಲು ಕುರ್ಚಿಗಳಿಗೆ ಮಾತ್ರ ನೇರಿಳೆಯ ಬಣ್ಣ ಹಾಕಿರುವರು. ಗಾಳಿಯು ತೆಳುವಾಗಿರುವುದರಿಂದ ಚೆಂಡಿಗೆ ತಡೆಯು ಕಡಮೆ. ಹೊಡೆದ ಚೆಂಡು ಬೇರೆಡೆಗಿಂತ ದೂರ ಹಾರುವುದು. ಒಣಹವೆಯಿಂದ ಚೆಂಡುಗಳು ಗಟ್ಟಿಯಾಗುವುವೆಂದು ೨೦೦೨ರಿಂದ ಅವುಗಳನ್ನು ತೇವವನ್ನು ಕಾಪಾಡುವ ಕೋಣೆಯಲ್ಲಿಟ್ಟು ತರುತ್ತಾರೆ. ನಮ್ಮ ಮನೆಗಳಲ್ಲಿ ವೀಳೆಯದೆಲೆಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿಡುವಂತೆ, ಅಲ್ಲಿ ಚೆಂಡಿಗೆ ಈ ಉಪಚಾರ.

ಸಾನ್ ಫ್ರಾನ್ಸಿಸ್ಕೋ ಅಂಗಣವು ೨೦೦೦ದಲ್ಲಿ ಕೊಲ್ಲಿಯ ನೀರಿನಂಚಿನಲ್ಲಿಯೇ ತೆರೆಯಿತು. ಬಲಗಡೆಯ ಗೋಡೆಯು ೨೪ ಅಡಿ. ಅದು ವಿಲಿ ಮೇಸ್ ಎಂಬ ಮಹಾ ಆಟಗಾರನ ಅಂಗಿಯ ಸಂಖ್ಯೆ. ಗೋಡೆಯನ್ನು ದಾಟಿದ ಚೆಂಡು ನೀರಿಗೆ ಬೀಳುವುದರಿಂದ, ಅದನ್ನು ಹಿಡಿಯಲೆಂದು ಕೆಲವರು ಪುಟ್ಟ ದೋಣಿಗಳಲ್ಲಿ ಕಾದಿರುತ್ತಾರೆ. ಈ ಅಂಗಣವನ್ನು ಬಹುಮಟ್ಟಿಗೆ ತಂಡದವರು ತಮ್ಮ ಹಣದಿಂದಲೇ ಕಟ್ಟಿಕೊಂಡರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪ್ರಯೋಜನಕ್ಕೆ ಬರುವುದು.

ಬರ್ಮಿಂಗ್‌ಹ್ಯಾಮಿನ ಹಳೆಯ ಅಂಗಣ

ಅಲಬಾಮಾ ಸೀಮೆಯ ಬರ್ಮಿಂಗ್‌ಹ್ಯಾಮಿನಲ್ಲಿರುವ ರಿಕ್‌ವುಡ್ ಫೀಲ್ಡ್ ಫೆನ್‌ವೇಗಿಂತಲೂ ಹಳೆಯದು, ೧೯೧೦ರದು. ಅದು ಪ್ರಧಾನ ಸಂಘದ ತಂಡದ ಮನೆಯಲ್ಲ. ಆಟವಿಲ್ಲದ ದಿನವೊಂದರಲ್ಲಿ ಹೋಗಿ ಅದರ ಖಾಲಿ ಆಸನಗಳಲ್ಲಿ ಸ್ವಲ್ಪ ಹೊತ್ತು ಕುಳಿತುಬಂದೆನು. ೧೯೪೭ರ ಏಪ್ರಿಲ್ ೧೫ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದಲ್ಲಿ ಆಡುವವರೆಗೆ, ಆ ಶತಮಾನದಲ್ಲಿ ಪ್ರಧಾನ ಸಂಘದ ಬಾಗಿಲು ಕಪ್ಪುಜನರಿಗೆ ಮುಚ್ಚಿದ್ದಿತು. ಅವರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು ಇಂತಹ ಅಂಗಣಗಳಲ್ಲಿ ಆಡುತ್ತಿದ್ದರು. ಪ್ರೇಕ್ಷಕರಲ್ಲಿಯೂ ಬಣ್ಣದ ಮೇಲೆ ಬೇರೆ ಬೇರೆ ಆಸನಗಳು. ಮೇಲೆ ಹೇಳಿದ ವಿಲಿ ಮೇಸ್ ೧೯೪೮ರಲ್ಲಿ ಹುಡುಗನಾಗಿದ್ದಾಗ ಈ ನೆಲದ ಮೇಲೆಯೇ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡದಲ್ಲಿ ಆಡಿದನು. ನಾವು ಇಷ್ಟು ಹೊಗಳಿದ ಬಾಸ್ಟನ್ನಿನ ತಂಡವು ಕಪ್ಪು ಆಟಗಾರನೊಬ್ಬನನ್ನು ಸೇರಿಸಿಕೊಂಡುದು ೧೯೫೯ರಲ್ಲಿ, ಎಲ್ಲರಿಗಿಂತ ಕೊನೆಗೆ. ದೇವಾಲಯದ ಪ್ರವೇಶಕ್ಕಾಗಿ ನಮ್ಮಲ್ಲಿ ನಡೆದ ಹೋರಾಟಗಳನ್ನು ಬಲ್ಲವರಿಗೆ ಇದು ದೂರದ ಕಥೆಯಾಗಿ ತೋರಲಾರದು.

೨೦೨೪ರ ಮೇ ತಿಂಗಳಲ್ಲಿ ಆ ಸಂಘಗಳ ಆಟಗಾರರ ಅಂಕಿಅಂಶಗಳನ್ನು ಪ್ರಧಾನ ಸಂಘದ ದಾಖಲೆಗಳೊಡನೆ ಸೇರಿಸಿದರು. ಮರುತಿಂಗಳು ೨೦ರಂದು ರಿಕ್‌ವುಡ್ಡಿನಲ್ಲಿ ಮೇಸನ ಗೌರವಾರ್ಥವಾಗಿ ಪ್ರಧಾನ ಸಂಘದ ಪಂದ್ಯವೊಂದನ್ನು ಏರ್ಪಡಿಸಿದ್ದರು. ಅದಕ್ಕೆ ಎರಡು ದಿನ ಮುಂಚೆ, ೯೩ನೆಯ ವಯಸ್ಸಿನಲ್ಲಿ, ಮೇಸ್ ತೀರಿಕೊಂಡನು.

ಕಿತ್ತುಹೋದ ಬೇರುಗಳು

ಇಲ್ಲಿಯವರೆಗೆ ಹೇಳಿದುದು ಉಳಿದವುಗಳ ಮಾತು. ಇನ್ನು ಹೋದವುಗಳ ಮಾತನ್ನೂ ಹೇಳಬೇಕು.

ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಎಬೆಟ್ಸ್ ಫೀಲ್ಡ್ ಎಂಬ ಅಂಗಣವು ೧೯೧೩ರಿಂದ ಇದ್ದಿತು. ಜಾಕಿ ರಾಬಿನ್‌ಸನ್ ಆಡಿದುದು ಅಲ್ಲಿಯೇ. ೧೯೫೭ರ ಸೆಪ್ಟೆಂಬರಿನಲ್ಲಿ ಕೊನೆಯ ಪಂದ್ಯವನ್ನಾಡಿ, ಡಾಜರ್ಸ್ ತಂಡವು ಒಡೆಯರ ನಿರ್ಧಾರದಂತೆ ಸಾವಿರಾರು ಮೈಲಿಗಳಾಚೆ ಲಾಸ್ ಏಂಜಲೀಸಿಗೆ ಹೊರಟುಹೋಯಿತು. ೧೯೬೦ರಲ್ಲಿ ಎಬೆಟ್ಸ್ ಫೀಲ್ಡನ್ನು ಕೆಡವಿ ಅಲ್ಲಿ ವಾಸದ ಮನೆಗಳನ್ನು ಕಟ್ಟಿದರು.

ಲಾಸ್ ಏಂಜಲೀಸಿನಲ್ಲಿ ಆ ತಂಡಕ್ಕೆ ದೊರೆತ ನೆಲದ ಕಥೆಯೂ ಮನಸ್ಸನ್ನು ನೋಯಿಸತಕ್ಕುದೇ. ಚಾವೆಜ್ ರವೀನ್ ಎಂಬ ಗುಡ್ಡದ ಕಣಿವೆಯಲ್ಲಿ ಮೆಕ್ಸಿಕೋ ಮೂಲದ ಬಡ ಸಂಸಾರಗಳು ಹಲವು ಕಾಲದಿಂದ ವಾಸವಾಗಿದ್ದುವು. ಸರ್ಕಾರದಿಂದ ಒಳ್ಳೆಯ ಮನೆಗಳನ್ನು ಕಟ್ಟಿಸಿಕೊಡುವೆವೆಂದು ಹೇಳಿ ೧೯೫೦ರ ಸುಮಾರಿನಲ್ಲಿ ಅವರನ್ನು ಎಬ್ಬಿಸತೊಡಗಿದರು. ಮನೆಗಳ ಯೋಜನೆಯು ಮುರಿದುಬಿದ್ದಿತು. ನೆಲವು ಮಾತ್ರ ಬರಿದಾಯಿತು. ಅದನ್ನು ಪಟ್ಟಣದವರು ಡಾಜರ್ಸ್ ತಂಡಕ್ಕೆ ಒಪ್ಪಿಸಿದರು. ಹೋಗೆವೆಂದು ಹಟ ಹಿಡಿದ ಕೊನೆಯ ಸಂಸಾರವನ್ನು ೧೯೫೯ರ ಮೇ ತಿಂಗಳಲ್ಲಿ ಪೋಲೀಸಿನವರು ಎತ್ತಿಕೊಂಡು ಹೊರಗೆ ಹಾಕಿದರು. ೧೯೬೨ರಲ್ಲಿ ಅಲ್ಲಿ ತೆರೆದ ಡಾಜರ್ ಸ್ಟೇಡಿಯಮ್ಮು ೫೬,೦೦೦ ಜನರಿಗೆ ಎಡೆಯಿರುವ, ಹಿಂದೆ ಬೆಟ್ಟಗಳ ಸಾಲು ಕಾಣುವ, ಬಹು ಸುಂದರವಾದ ಸ್ಥಳ. ಸಂಜೆಯ ಬಿಸಿಲು ಆ ಬೆಟ್ಟಗಳ ಮೇಲೆ ಬೀಳುವಾಗ ಕಣ್ಣು ಅಲ್ಲಿಯೇ ನಿಲ್ಲುವುದು. ಆದರೆ ಆ ಹಸಿರು ಹುಲ್ಲಿನ ಕೆಳಗೆ ಯಾರದೋ ಅಡಿಗೆಮನೆಯ ಒಲೆಯಿದ್ದಿತೆಂಬ ಮಾತು ಒಮ್ಮೆ ಕಿವಿಗೆ ಬಿದ್ದರೆ ಮರೆಯುವಂತಿಲ್ಲ.

ಓಕ್ಲೆಂಡಿನ ಕೊನೆಯ ದಿನ

ಇವೆಲ್ಲವೂ ನಾನು ಓದಿ ತಿಳಿದುವು. ಓಕ್ಲೆಂಡಿನದು ನನ್ನ ಕಣ್ಣಮುಂದೆ ನಡೆದುದು.

ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ದಂಡೆಯಲ್ಲಿರುವ ಓಕ್ಲೆಂಡ್ ಬಂದರಿನ, ಕೂಲಿಕಾರರ, ಮಧ್ಯಮ ವರ್ಗದವರ ಊರು. ಅಥ್ಲೆಟಿಕ್ಸ್ ಎಂಬ ತಂಡವು ಫಿಲಡೆಲ್ಫಿಯಾ, ಕಾನ್ಸಾಸ್ ಸಿಟಿಗಳನ್ನು ಬಿಟ್ಟು ೧೯೬೮ರಲ್ಲಿ ಅಲ್ಲಿಗೆ ಬಂದು, ೧೯೭೨, ೧೯೭೩, ೧೯೭೪ ಮತ್ತು ೧೯೮೯ರಲ್ಲಿ ಅಗ್ರಪಟ್ಟವನ್ನು ಗೆದ್ದುಕೊಟ್ಟಿತು. ಕಾಲಕ್ರಮದಲ್ಲಿ ಕಾಂಕ್ರೀಟಿನ ಆ ಅಂಗಣವು ಹಳತಾಯಿತು. ಫುಟ್‌ಬಾಲ್ ತಂಡಕ್ಕಾಗಿ ೧೯೯೬ರಲ್ಲಿ ಎಬ್ಬಿಸಿದ ಎತ್ತರವಾದ ಆಸನಗಳ ಗುಡ್ಡವು, ಮೊದಲು ಕಾಣುತ್ತಿದ್ದ ಊರಿನ ಬೆಟ್ಟಗಳನ್ನು ಮರೆಮಾಡಿತು. ಬಂದರಿನ ಬಳಿ ಹೊಸ ಅಂಗಣವನ್ನು ಕಟ್ಟುವ ಮಾತು ವರ್ಷಗಟ್ಟಲೆ ನಡೆದು, ೨೦೨೩ರಲ್ಲಿ ಮುರಿದುಹೋಯಿತು. ಅದೇ ವರ್ಷದ ಜೂನಿನಲ್ಲಿ ನೆವಾಡಾ ಸಂಸ್ಥಾನವು ಲಾಸ್ ವೇಗಾಸಿನಲ್ಲಿ ಅಂಗಣ ಕಟ್ಟಲು ೩೮ ಕೋಟಿ ಡಾಲರುಗಳವರೆಗೆ ಸಾರ್ವಜನಿಕ ಧನವನ್ನು ಕೊಡಲೊಪ್ಪಿತು. ನವೆಂಬರಿನಲ್ಲಿ ಮೂವತ್ತು ತಂಡಗಳ ಒಡೆಯರೂ ಏಕಮತದಿಂದ ಸಮ್ಮತಿಯಿತ್ತರು.

ಜನರು ಸುಮ್ಮನಿರಲಿಲ್ಲ. ಆಟ ನೋಡಲು ಜನರೇ ಬರುವುದಿಲ್ಲವೆಂಬ ಅಪವಾದಕ್ಕೆ ಉತ್ತರವಾಗಿ, ೨೦೨೩ರ ಜೂನ್ ೧೩ರಂದು, ಮಂಗಳವಾರದ ಸಾಧಾರಣ ಪಂದ್ಯವೊಂದಕ್ಕೆ, ೨೭,೭೫೯ ಮಂದಿ ಒಗ್ಗಟ್ಟಾಗಿ ಬಂದು, ತಂಡವನ್ನು ಬೇರೆಯವರಿಗೆ ಮಾರಿರೆಂದು ಒಡೆಯರಿಗೆ ಕೂಗಿ ಹೇಳಿದರು. ಬಹಿಷ್ಕಾರವೆಂದರೆ ಬಾರದಿರುವುದೆಂದು ನಾವು ಬಲ್ಲೆವು. ಬಂದು ತುಂಬುವುದರಿಂದ ಮಾಡುವ ಬಹಿಷ್ಕಾರವನ್ನು ನಾನು ಕಂಡುದು ಅಲ್ಲಿಯೇ.

೨೦೨೪ರ ಸೆಪ್ಟೆಂಬರ್ ೨೬ರಂದು ಅಲ್ಲಿ ಕೊನೆಯ ಪಂದ್ಯ ನಡೆಯಿತು. ನನ್ನ ನೆರೆಮನೆಯ ವೃದ್ಧರೊಬ್ಬರು, ಬಂದರಿನಲ್ಲಿ ದುಡಿದು ವಿಶ್ರಾಂತಿ ಪಡೆದವರು, ನನ್ನನ್ನು ಜತೆಗೆ ಕರೆದುಕೊಂಡು ಹೋದರು. ಮೊದಲ ವರ್ಷದಿಂದಲೂ ಅವರು ಆ ಅಂಗಣಕ್ಕೆ ಹೋಗುತ್ತಿದ್ದವರು. ಅವರ ಹೆಂಡತಿಯು ತೀರಿಕೊಂಡು ಆರು ವರ್ಷಗಳಾಗಿದ್ದುವು. ಆಕೆಯು ಪ್ರತಿಯೊಂದು ಪಂದ್ಯದಲ್ಲಿಯೂ ಹೊಡೆತ ಹೊಡೆತವನ್ನೂ ಪೆನ್ಸಿಲಿನಿಂದ ಗುರುತುಹಾಕಿ ಇಟ್ಟಿದ್ದ ಲೆಕ್ಕದ ಪುಸ್ತಕಗಳು ಅವರ ಮನೆಯ ಬೀರುವಿನಲ್ಲಿ ಇವೆ. ಅಂದು ಅವರು ಹೊಸದೊಂದು ಪುಸ್ತಕವನ್ನೂ ಪೆನ್ಸಿಲನ್ನೂ ತಂದಿದ್ದರು. ಒಟ್ಟು ೪೬,೮೮೯ ಮಂದಿ ನೆರೆದಿದ್ದರು. ಓಕ್ಲೆಂಡಿನವರು ಟೆಕ್ಸಾಸಿನವರನ್ನು ೩ಕ್ಕೆ ೨ರಂತೆ ಗೆದ್ದರು. ಆಟವು ಮುಗಿದ ಮೇಲೆ ತಂಡದ ನಾಯಕ ಶಿಕ್ಷಕನಾದ ಮಾರ್ಕ್ ಕಾಟ್ಸೇ ಜನರಿಗೆ ವಂದನೆ ಹೇಳಿ, ಊರಿನ ಹೆಸರನ್ನು ಕೊನೆಯ ಸಾರಿ ಎಲ್ಲರಿಂದಲೂ ಕೂಗಿಸಿದನು. ಬಹಳ ಹೊತ್ತಿನವರೆಗೆ ಯಾರೂ ಏಳಲಿಲ್ಲ. ಅಂಗಣವನ್ನು ನೋಡಿಕೊಳ್ಳುವ ಆಳುಗಳು, ಬೇಲಿಯ ಬಳಿ ಕೈಚಾಚಿದವರಿಗೆ, ಆಟದ ನೆಲದ ಮಣ್ಣನ್ನು ಕೊಟ್ಟರು. ನಮ್ಮ ವೃದ್ಧರು ಒಂದು ಹಿಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. “ಈ ಪುಸ್ತಕದಲ್ಲಿ ಇನ್ನೂ ಹಾಳೆಗಳು ಉಳಿದಿವೆಯಲ್ಲಾ” ಎಂದಷ್ಟೇ ಅವರು ದಾರಿಯಲ್ಲಿ ಆಡಿದ ಮಾತು.

ತಂಡವು ೨೦೨೫ರಿಂದ, ಲಾಸ್ ವೇಗಾಸಿನ ಅಂಗಣವು ಸಿದ್ಧವಾಗುವವರೆಗೆಂದು, ಸಾಕ್ರಮೆಂಟೋ ಬಳಿಯ ಸಣ್ಣ ಅಂಗಣವೊಂದಕ್ಕೆ ಹೋಯಿತು. ೨೦೧೯ರಲ್ಲಿ ಬಾಸ್ಕೆಟ್‌ಬಾಲ್ ತಂಡವೂ, ೨೦೨೦ರಲ್ಲಿ ಫುಟ್‌ಬಾಲ್ ತಂಡವೂ ಓಕ್ಲೆಂಡನ್ನು ಬಿಟ್ಟಿದ್ದುವು. ಐದೇ ವರ್ಷಗಳಲ್ಲಿ ಮೂರೂ ಹೋದಂತಾಯಿತು.

ಯಾರ ಸೊತ್ತು?

ಇಲ್ಲಿ ವಿಚಾರಮಾಡತಕ್ಕ ಪ್ರಶ್ನೆಯೊಂದಿದೆ. ತಂಡವು ಯಾರದು? ಕಾಯಿದೆಯಂತೆ ಒಡೆಯನದು, ಹಣ ಹಾಕಿದವನು ಅವನು, ನಷ್ಟವಾದರೆ ಅನುಭವಿಸುವವನೂ ಅವನೇ. ಹಳೆಯ ಕಟ್ಟಡದಲ್ಲಿ ಲಾಭವಿಲ್ಲವೆಂದರೆ ಅವನು ಬೇರೆಡೆ ಹುಡುಕುವುದು ವ್ಯಾಪಾರದ ರೀತಿ. ಆದರೆ ತಂಡದ ಹೆಸರಿನಲ್ಲಿ ಊರಿನ ಹೆಸರಿದ್ದಿತು. ಐವತ್ತಾರು ವರ್ಷ ಮಳೆಬಿಸಿಲಿನಲ್ಲಿ ಕುಳಿತು ಆ ಹೆಸರಿಗೆ ಬೆಲೆ ತಂದವರು ಊರಿನವರು. ಅವರಿಗೆ ಕಾಗದದ ಮೇಲೆ ಯಾವ ಹಕ್ಕೂ ಇಲ್ಲ. ಹಾಗಾದರೆ ಊರಿನ ಬೊಕ್ಕಸದಿಂದ ಕೋಟಿಗಟ್ಟಲೆ ಕೊಟ್ಟಾದರೂ ತಂಡವನ್ನು ಉಳಿಸಿಕೊಳ್ಳಬೇಕೇ? ಅಂಗಣಗಳಿಗೆ ಸುರಿದ ಸಾರ್ವಜನಿಕ ಧನವು ಊರಿಗೆ ಮರಳಿ ಬರುವುದು ಅಪರೂಪವೆಂದು ಅರ್ಥಶಾಸ್ತ್ರಜ್ಞರಲ್ಲಿ ಬಹುಮಂದಿ ಹೇಳುವರು. ಶಾಲೆ ಆಸ್ಪತ್ರೆಗಳಿಗೆ ಹಣ ಸಾಲದ ಊರು ಆಟಕ್ಕೆ ಕೊಡುವುದು ವಿವೇಕವಲ್ಲ. ಕೊಲ್ಲಿಯ ಆಚೆಯ ದಂಡೆಯಲ್ಲಿ ತಂಡದವರು ತಮ್ಮ ಹಣದಿಂದಲೇ ಕಟ್ಟಿಕೊಂಡರೆಂಬುದನ್ನು ಮೇಲೆ ಹೇಳಿದೆನಷ್ಟೆ. ಓಕ್ಲೆಂಡಿನವರು ಬೊಕ್ಕಸದ ಬಾಗಿಲನ್ನು ಪೂರ್ತಿಯಾಗಿ ತೆರೆಯದಿದ್ದುದು ನನ್ನ ಮಟ್ಟಿಗೆ ಸರಿಯೆಂದೇ ತೋರುವುದು. ಆದರೆ ಸರಿಯಾದ ಕೆಲಸಕ್ಕೂ ಬೆಲೆ ತೆರಬೇಕಾಗುವುದು, ಅದನ್ನು ತೆತ್ತವರು ಆ ವೃದ್ಧರಂಥವರು.

ಹೋಗುವವರಿಗೆ ಕೆಲವು ಮಾತುಗಳು

ಮಕ್ಕಳನ್ನು ಕಾಣಲು ಅಮೆರಿಕೆಗೆ ಹೋಗುವ ತಂದೆತಾಯಿಗಳು ಈಗ ಬಹಳ. ಅವರು ಒಂದು ಸಂಜೆಯನ್ನಾದರೂ ಇಂತಹ ಅಂಗಣದಲ್ಲಿ ಕಳೆಯಬೇಕೆಂದು ನನ್ನ ಸಲಹೆ. ವಾರದ ನಡುವಿನ ದಿನಗಳಲ್ಲಿ ಮೇಲಂತಸ್ತಿನ ಟಿಕೀಟು ಸಾಮಾನ್ಯವಾಗಿ ಅಗ್ಗ. ಹಗಲಿನ ಪಂದ್ಯವಾದರೆ ಟೋಪಿಯೂ, ಕೊಲ್ಲಿಯ ಸೀಮೆಯಲ್ಲಿ ರಾತ್ರಿಯ ಪಂದ್ಯವಾದರೆ ಬೆಚ್ಚನೆಯ ಹೊದಿಕೆಯೂ ಬೇಕು. ಮನೆಯ ತಿಂಡಿಯನ್ನು ಒಳಗೆ ಬಿಡುವರೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಶಾಕಾಹಾರಿಗಳಿಗೆ ಎಲ್ಲೆಲ್ಲಿಯೂ ಸಿಕ್ಕುವ ಆಧಾರವೆಂದರೆ ಹುರಿದ ಕಡಲೆಕಾಯಿ. ಬಸವನಗುಡಿಯ ಪರಿಷೆಯನ್ನು ಬಲ್ಲವರಿಗೆ ಸಿಪ್ಪೆ ಸುಲಿಯುತ್ತ ಕುಳಿತಿರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಏಳನೆಯ ಸುತ್ತಿನ ನಡುವೆ ಎಲ್ಲರೂ ಎದ್ದುನಿಂತು ೧೯೦೮ರಿಂದ ಬಂದ ಹಾಡೊಂದನ್ನು ಹಾಡುವರು. ನೀವೂ ಎದ್ದು ನಿಂತರೆ ಮೊಣಕಾಲಿಗೂ ಹಿತ. ಎಲ್ಲಕ್ಕೂ ಮಿಗಿಲಾಗಿ, ಅಕ್ಕಪಕ್ಕದಲ್ಲಿ ಕುಳಿತವರನ್ನು ಆಟದ ವಿಷಯವಾಗಿ ಒಂದು ಪ್ರಶ್ನೆ ಕೇಳಿರಿ. ಅವರು ಆಟವನ್ನು ಹೇಳಿಕೊಡಲು ತೊಡಗಿ, ತಮ್ಮ ತಂದೆ ತಮಗೆ ಹೇಳಿಕೊಟ್ಟ ದಿನದ ಕಥೆಗೆ ಬಂದು ಮುಟ್ಟುವರು.

ಓಕ್ಲೆಂಡಿನ ಕಥೆಗೆ ಇನ್ನೊಂದು ಅಧ್ಯಾಯವೂ ಸೇರಿತು. ೨೦೨೩ರಲ್ಲಿ ಆ ಊರಿನ ಕೆಲವರು ಬಾಲರ್ಸ್ ಎಂಬ ಸಣ್ಣ ತಂಡವೊಂದನ್ನು ಹುಟ್ಟಿಸಿ, ಪಶ್ಚಿಮ ಓಕ್ಲೆಂಡಿನ ರೈಮೊಂಡಿ ಪಾರ್ಕೆಂಬ ಹಳೆಯ ಬಯಲನ್ನು ಸರಿಪಡಿಸಿ, ೨೦೨೪ರ 'ಬೇಸಗೆಯಿಂದ ಅಲ್ಲಿ ಆಟವನ್ನಾರಂಭಿಸಿದರು. ಅದು ಪ್ರಧಾನ ಸಂಘದ ತಂಡವಲ್ಲ, ಹೆಸರಾಂತ ಆಟಗಾರರಿಲ್ಲ, ಆಸನಗಳೂ ಕೆಲವು ಸಾವಿರ ಮಾತ್ರ. ಆದರೆ ಅದರ ಪಾಲುಗಳನ್ನು ಊರಿನ ಸಾಮಾನ್ಯ ಜನರಿಗೂ ಮಾರಿರುವರು. ಲಾಭಕ್ಕಾಗಿ ಯಾರೂ ಕೊಳ್ಳಲಿಲ್ಲ; ಇನ್ನೊಂದು ಸಲ ತಮ್ಮನ್ನು ಕೇಳದೆ ಯಾರೂ ಎತ್ತಿಕೊಂಡು ಹೋಗದಿರಲೆಂದು ಕೊಂಡರು. ನನ್ನ ನೆರೆಮನೆಯವರ ಹೆಸರಿನಲ್ಲಿಯೂ ಒಂದು ಪಾಲು ಇದೆ. ಅವರ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳು ಈಗ ತುಂಬುತ್ತಿವೆ.